ಓದುಗರ ಪ್ರಶ್ನೆ: ಆ ಗಡಿಯಾರ ಎಲ್ಲಿ ಹೋಯ್ತು?

ಹೋದ ತಿಂಗಳು ಇಲ್ಲಿ ಫೋಟೋ ಪುಸ್ತಕಗಳ ಬಗ್ಗೆ ಎರಡು ಮಾತು ಬರೆದಿದ್ದೆ. ಬೇರೆ ಬೇರೆ ದೇಶದ ಜನ, ಅವರ ಕೆಲಸ, ಹಬ್ಬ, ಕಷ್ಟ ಎಲ್ಲವನ್ನೂ ತೋರಿಸುವ ದಪ್ಪ ದಪ್ಪ ಪುಸ್ತಕಗಳು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಜಿಲ್ಲೆಯವೇ. ಮಳೆಗಾಲದಲ್ಲಿ ಮನೆಯೊಳಗೆ ಕೂತವರಿಗೆ ಬರೆಯೋಕೆ ಪುರುಸೊತ್ತು ಜಾಸ್ತಿ ಇರಬೇಕು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಬೆಂಗಳೂರಿನ ಹಳೇ ಪುಸ್ತಕದಂಗಡಿಯಿಂದ ನಮ್ಮ ಭಾವ ಅಮೆರಿಕದ ಮೂಲನಿವಾಸಿಗಳ ಫೋಟೋ ಪುಸ್ತಕ ತಂದುಕೊಟ್ಟರು. ಎಡ್ವರ್ಡ್ ಕರ್ಟಿಸ್ ತೆಗೆದ ಚಿತ್ರಗಳು. ಶಾಲೆಯಲ್ಲಿ ಮಕ್ಕಳಿಗೆ ತೋರಿಸೋಣ ಅಂತಿದ್ದೇನೆ. ಇದರಲ್ಲಿರೋದೆಲ್ಲ ನಿಜವಾ ಸರ್?
ಶಿಕ್ಷಕಿ, ಶಿರಸಿ

ತೋರಿಸಿ ಮೇಡಂ, ಖಂಡಿತ ತೋರಿಸಿ. ಜೊತೆಗೆ ಒಂದು ಕಥೆಯನ್ನೂ ಹೇಳಿ.

ಕರ್ಟಿಸ್ 1907ರಿಂದ 1930ರವರೆಗೆ 20 ಸಂಪುಟ ತಂದ ಹಟಮಾರಿ. ದುಡ್ಡು ಕೊಟ್ಟದ್ದು ಜೆ.ಪಿ. ಮಾರ್ಗನ್ ಎಂಬ ದೊಡ್ಡ ಸಾಹುಕಾರ, ಮುನ್ನುಡಿ ಬರೆದದ್ದು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್. ಆತನ 1910ರ ಒಂದು ಚಿತ್ರದಲ್ಲಿ ಪೀಗನ್ ಬುಡಕಟ್ಟಿನ ಅಪ್ಪ-ಮಗ ಡೇರೆಯೊಳಗೆ ಕೂತಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಇಬ್ಬರ ನಡುವೆ ಒಂದು ಗಡಿಯಾರ ಇದೆ. ಪುಸ್ತಕದಲ್ಲಿ ನೋಡಿದರೆ ಗಡಿಯಾರ ಮಾಯ! ಅಳಿಸಿ ಹಾಕಿದ್ದಾರೆ. ಯಾಕೆ ಅಂದರೆ, ಇವರು ಅಳಿದು ಹೋಗುತ್ತಿರುವ ಹಳೇ ಕಾಲದ ಜನ ಅಂತ ಓದುಗರು ನಂಬಬೇಕಿತ್ತು. ಗಡಿಯಾರ ಇಟ್ಟುಕೊಂಡವನು ನಮ್ಮ ಕಾಲದವನೇ ಆಗಿಬಿಡುತ್ತಾನಲ್ಲ.

ನಗಬೇಡಿ, ಇದು ನಮ್ಮಲ್ಲಿ ಈಗಲೂ ನಡೆಯುತ್ತೆ. ಕೆಲವು ವರ್ಷದ ಹಿಂದೆ ಸುಗ್ಗಿ ಕುಣಿತ ನೋಡೋಕೆ ಅಂಕೋಲಾ ಕಡೆ ಹೋಗಿದ್ದೆ. ಹೊರಗಿನಿಂದ ಬಂದ ಒಬ್ಬ ಫೋಟೋಗ್ರಾಫರ್ ಹಾಲಕ್ಕಿ ಅಜ್ಜಿಯೊಬ್ಬರನ್ನು ಅಂಗಳದಲ್ಲಿ ಕೂರಿಸಿದ್ದ. ಕೊರಳು ತುಂಬ ಮಣಿಸರ, ಎದೆಯವರೆಗೂ ಇಳಿದಿದೆ. ಅಜ್ಜಿ ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಮೊದಲು ಹೋಯ್ತು, ಚಾಪೆ ಬಂತು. ಆಮೇಲೆ ಆತನ ಕಣ್ಣು ಸೊಂಟದಲ್ಲಿ ಸಿಕ್ಕಿಸಿದ್ದ ಬಟನ್ ಮೊಬೈಲ್ ಮೇಲೆ ಬಿತ್ತು. 'ಅಮ್ಮಾ, ಅದನ್ನೊಂದು ತೆಗೆದಿಡಿ' ಅಂದ. ಅಜ್ಜಿ, 'ಮಗ ಫೋನ್ ಮಾಡಿದ್ರೆ ಯಾರು ಎತ್ತೂದು?' ಅಂದರು. ಆದರೂ ಪಾಪ, ಬಂದವನ ಮನಸ್ಸು ಯಾಕೆ ಮುರಿಯಬೇಕು ಅಂತ ಕೊಟ್ಟರು. ನಾಲ್ಕನೇ ಫೋಟೋಗೋ ಐದನೆಯದಕ್ಕೋ ಜಗಲಿ ಮೇಲಿಂದ ಅದು ರಿಂಗಾಗತೊಡಗಿತು, ಅಜ್ಜಿ ಚಾಪೆ ಬಿಟ್ಟು ಎದ್ದೇ ಹೋದರು. ನನ್ನ ಪ್ರಕಾರ ಆ ದಿನದ ಒಳ್ಳೇ ಫೋಟೋ ಅದೇ. ಆತ ತೆಗೆಯಲಿಲ್ಲ.

ಹಾಗಂತ ಕರ್ಟಿಸ್‌ನದು ಪೂರ್ತಿ ಸುಳ್ಳು ಅಂತಲ್ಲ. ಮುಖಗಳು ನಿಜ. ಫೋಟೋ ಅಷ್ಟೇ ಅಲ್ಲದೆ ಮೇಣದ ಸಿಲಿಂಡರ್‌ಗಳಲ್ಲಿ ಆ ಜನರ ಮಾತು, ಹಾಡುಗಳನ್ನೂ ಸಾವಿರಗಟ್ಟಲೆ ಮುದ್ರಿಸಿಕೊಂಡಿದ್ದ. ಗಡಿಯಾರ ಇರುವ ಚಿತ್ರ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಎರಡನ್ನೂ ಪ್ರಿಂಟ್ ತೆಗೆದು ಅಕ್ಕಪಕ್ಕ ಇಟ್ಟು, ಏನು ವ್ಯತ್ಯಾಸ ಇದೆ ಹುಡುಕಿ ಅಂತ ಮಕ್ಕಳಿಗೇ ಬಿಡಿ. ನಿಮಗಿಂತ ಮೊದಲು ಅವರೇ ಹಿಡೀತಾರೆ.

ಒಂದೊಂದು ಪುಸ್ತಕಕ್ಕೆ ಸಾವಿರಾರು ರೂಪಾಯಿ. ಪಿಂಚಣಿಯಲ್ಲಿ ಒಂದೋ ಎರಡೋ ಕೊಳ್ಳಬಹುದು ಅಷ್ಟೇ. ಯಾವುದರಿಂದ ಶುರು ಮಾಡಲಿ?
ನಿವೃತ್ತ ಬ್ಯಾಂಕ್ ನೌಕರ, ಕಾರವಾರ

'ದಿ ಫ್ಯಾಮಿಲಿ ಆಫ್ ಮ್ಯಾನ್'ನಿಂದ ಶುರು ಮಾಡಿ ಸರ್. 1955ರಲ್ಲಿ ಎಡ್ವರ್ಡ್ ಸ್ಟೈಕನ್ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಮಾಡಿದ ಪ್ರದರ್ಶನದ ಪುಸ್ತಕ ಅದು. 68 ದೇಶ, 503 ಚಿತ್ರ. ಹುಟ್ಟು, ಮದುವೆ, ಊಟ, ಜಗಳ, ಸಾವು ಎಲ್ಲ ಇದೆ. ಆಗ ಒಂದು ಡಾಲರಿಗೆ ಮಾರಿದ್ದರು, ಈಗಲೂ ಈ ಜಾತಿಯ ಪುಸ್ತಕಗಳಲ್ಲಿ ಅಗ್ಗದ್ದೇ. ನನ್ನ ಒಂದು ತಕರಾರು ಇದೆ. ಎಲ್ಲರೂ ಒಂದೇ ಕುಟುಂಬ ಅನ್ನುತ್ತೆ ಪುಸ್ತಕ, ಸರಿ. ಆದರೆ ಅದೇ ಕುಟುಂಬದಲ್ಲಿ ಒಬ್ಬನ ತಟ್ಟೆ ತುಂಬಿದೆ, ಇನ್ನೊಬ್ಬನದು ಖಾಲಿ ಯಾಕೆ ಅಂತ ಕೇಳೋದೇ ಇಲ್ಲ.

ಅದಾದ ಮೇಲೆ ದುಡ್ಡು ಉಳಿದರೆ ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಲ್ಗಾಡೊ ಅವರ 'ವರ್ಕರ್ಸ್', 1993ರದ್ದು. ಸಲ್ಗಾಡೊ ಅರ್ಥಶಾಸ್ತ್ರ ಓದಿ ಆಮೇಲೆ ಕ್ಯಾಮೆರಾ ಹಿಡಿದವರು, 2025ರ ಮೇನಲ್ಲಿ ತೀರಿಕೊಂಡರು. ಸೆರಾ ಪೆಲಾಡಾ ಚಿನ್ನದ ಗಣಿಯ ಚಿತ್ರಗಳಲ್ಲಿ ಸಾವಿರಾರು ಜನ ಮಣ್ಣಿನ ಚೀಲ ಹೊತ್ತು, ಮೈಯೆಲ್ಲ ಕೆಸರಾಗಿ ಏಣಿ ಹತ್ತುತ್ತಿದ್ದಾರೆ. ನಮ್ಮ ಧನಬಾದಿನ ಕಲ್ಲಿದ್ದಲು ಗಣಿ ಕಾರ್ಮಿಕರೂ ಆ ಪುಸ್ತಕದಲ್ಲಿದ್ದಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹುಷಾರು. ಇದರ ಅಡಿಬರಹಗಳು ಚಿತ್ರದ ಕೆಳಗಿಲ್ಲ, ಒಂದು ತೆಳ್ಳಗಿನ ಬೇರೆ ಪುಸ್ತಿಕೆಯಲ್ಲಿವೆ. ನನಗೆ ಮಾರಿದ ಅಂಗಡಿಯವನು ಅದನ್ನು ಕೊಟ್ಟಿರಲೇ ಇಲ್ಲ, ಎರಡು ವರ್ಷ ಸುಮ್ನೆ ಚಿತ್ರ ನೋಡಿ ಆಹಾ ಅಂದುಕೊಂಡಿದ್ದೆ. ಆಮೇಲೆ ಸ್ನೇಹಿತರ ಪ್ರತಿಯಲ್ಲಿ ಪುಸ್ತಿಕೆ ಓದಿದ ಮೇಲೇ ಅದು ಯಾವ ದೇಶ, ಯಾವ ಕೆಲಸ ಅಂತ ಗೊತ್ತಾಗಿದ್ದು. ಮೊದಲೇ ಕೇಳಿ, ಪುಸ್ತಿಕೆ ಇದೆಯಾ ಅಂತ. ಇಲ್ಲ ಅಂದರೆ ಬೆಲೆ ಇಳಿಸಿ.

ನಾನು ಸಿದ್ದಿ ಸಮುದಾಯದವಳು. ನಮ್ಮೂರಿಗೆ ಪ್ರತಿ ವರ್ಷ ಯಾರಾದರೂ ಕ್ಯಾಮೆರಾ ಹಿಡಿದು ಬರ್ತಾರೆ, ನಮ್ಮ ಕೂದಲು, ಡಮಾಮಿ ಕುಣಿತದ ಫೋಟೋ ತೆಗೀತಾರೆ, ಹೋಗ್ತಾರೆ. ಒಂದು ಪ್ರತಿ ಕೂಡ ಮನೆಗೆ ಬಂದಿಲ್ಲ. ಫೋಟೋದಲ್ಲಿರೋರೇ ಮಾತಾಡೋ ಪುಸ್ತಕ ಯಾವುದಾದರೂ ಇದೆಯಾ?
ಕಾಲೇಜು ವಿದ್ಯಾರ್ಥಿನಿ, ಯಲ್ಲಾಪುರ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಈ ಸಿಟ್ಟು ಹಳೇದು. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳುವ ಕೂಲಿಯವರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಎರಡು ಮಕ್ಕಳು ಹೆಗಲಿಗೆ ಮುಖ ಒತ್ತಿವೆ, ಕೂಸೊಂದು ಮಡಿಲಲ್ಲಿ. 'ವಲಸೆ ತಾಯಿ' ಅಂತ ಲೋಕವೆಲ್ಲ ಆ ಚಿತ್ರ ಓಡಾಡಿತು. ಆಕೆಯ ಹೆಸರು ಫ್ಲಾರೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಅಂದರೆ 42 ವರ್ಷ ಆದ ಮೇಲೆ. ಆ ಚಿತ್ರದಿಂದ ತನಗೆ ಚಿಕ್ಕಾಸೂ ಬರಲಿಲ್ಲ ಅಂತ ಆಕೆ ಬೇಜಾರು ಮಾಡಿಕೊಂಡಿದ್ದರು. ಆಕೆ ಚೆರೋಕಿ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮೂಲದವರು ಅನ್ನೋದೂ ಆವರೆಗೆ ಚಿತ್ರ ನೋಡಿದವರಿಗೆ ಗೊತ್ತಿರಲಿಲ್ಲ.

ವಿಚಿತ್ರ ಅಂದರೆ ಅದೇ ಲ್ಯಾಂಗ್ 1939ರಲ್ಲಿ ಗಂಡ ಪಾಲ್ ಟೇಲರ್ ಜೊತೆ 'ಆನ್ ಅಮೆರಿಕನ್ ಎಕ್ಸೋಡಸ್' ಅಂತ ಪುಸ್ತಕ ಮಾಡಿದರು. ಅದರಲ್ಲಿ ಚಿತ್ರಗಳ ಜೊತೆ ಆ ಕೂಲಿಯವರು ಆಡಿದ ಮಾತುಗಳನ್ನೇ ಹಾಕಿದ್ದಾರೆ. ನೀನು ಕೇಳಿದ್ದಕ್ಕೆ ಅದಕ್ಕಿಂತ ಹತ್ತಿರದ್ದು ದಯಾನಿತಾ ಸಿಂಗ್ ಅವರ 'ಮೈಸೆಲ್ಫ್ ಮೋನಾ ಅಹ್ಮದ್', 2001ರದ್ದು. ದಿಲ್ಲಿಯ ಸ್ಮಶಾನದಲ್ಲಿ ಮನೆ ಮಾಡಿಕೊಂಡಿದ್ದ ಹಿಜ್ರಾ ಮೋನಾ, ಪ್ರಕಾಶಕರಿಗೆ ಕಳಿಸಿದ ಈಮೇಲ್‌ಗಳೇ ಆ ಪುಸ್ತಕದ ಬರಹ. ನಗು, ಬೈಗುಳ, ಅಳು ಎಲ್ಲ ಆಕೆಯದೇ. ಫೋಟೋಗ್ರಾಫರ್ ಸುಮ್ಮನಿದ್ದಾರೆ. ಭಾರತದ ಸಿದ್ದಿಗಳ ಬಗ್ಗೆ ಕೇತಕಿ ಸೇಠ್ ಅವರ ಕಪ್ಪು-ಬಿಳುಪು ಪುಸ್ತಕ ಒಂದಿದೆ, 'ಎ ಸರ್ಟನ್ ಗ್ರೇಸ್'. ಅದನ್ನು ನೋಡಿ ನಿನಗೆ ಏನನ್ನಿಸಿತು ಅಂತ ನನಗೆ ಬರಿ. ನನ್ನ ಅಭಿಪ್ರಾಯಕ್ಕಿಂತ ನಿನ್ನದು ಇಲ್ಲಿ ಅಚ್ಚಾಗಬೇಕಾದದ್ದು.

ಇನ್ನು ಮುಂದಿನ ಸಲ ಯಾರಾದರೂ ಬಂದರೆ ಅವರ ಫೋನ್ ನಂಬರ್ ಬರೆದಿಟ್ಟುಕೋ, ಅವರದೂ ಒಂದು ಫೋಟೋ ತೆಗಿ. ಪ್ರಿಂಟ್ ಕಳಿಸುವವರೆಗೂ ಬಿಡಬೇಡ.

ನಮ್ಮಪ್ಪ ಮೀನುಗಾರರು, ದಡದಲ್ಲಿ ನಿಂತು ಏಂಡಿ ಬಲೆ ಎಳೆಯೋರು. ನಾನು ಮೊಬೈಲಲ್ಲೇ ಎರಡು ಸಾವಿರ ಫೋಟೋ ತೆಗೆದಿದ್ದೇನೆ. ಪುಸ್ತಕ ಮಾಡಬಹುದಾ?
ಐಟಿಐ ವಿದ್ಯಾರ್ಥಿ, ಕಾರವಾರ

ಮಾಡು ತಮ್ಮಾ. ಎರಡು ಸಾವಿರ ಏನೂ ಜಾಸ್ತಿಯಲ್ಲ. ರಾಬರ್ಟ್ ಫ್ರಾಂಕ್ ಎಂಬ ಫೋಟೋಗ್ರಾಫರ್ ಅಮೆರಿಕವೆಲ್ಲ ಸುತ್ತಿ 27 ಸಾವಿರಕ್ಕೂ ಹೆಚ್ಚು ಫೋಟೋ ತೆಗೆದ, 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಹೋದದ್ದು 83. ಅದನ್ನೂ ಮೊದಲು ಅಚ್ಚು ಹಾಕಿದ್ದು ಪ್ಯಾರಿಸ್‌ನಲ್ಲಿ, 1958ರಲ್ಲಿ. ಅಮೆರಿಕದಲ್ಲಿ ಬಂದದ್ದು ಮರುವರ್ಷ.

ನೀನು ಇನ್ನೂರು ಆರಿಸು. ಸ್ಟುಡಿಯೋದಲ್ಲಿ ಚಿಕ್ಕ ಸೈಜಿನ ಪ್ರಿಂಟ್ ಹಾಕಿಸಿ ಮನೆಯ ನೆಲದ ಮೇಲೆ ಹರಡು. ಅಪ್ಪನನ್ನೂ ಬಲೆ ಎಳೆಯುವ ನಾಲ್ಕು ಜನರನ್ನೂ ಕರೆದು ಕೂರಿಸು. ಸೂರ್ಯ ಮುಳುಗುವ ಫೋಟೋ ಎಲ್ಲ ಅವರೇ ಪಕ್ಕಕ್ಕೆ ತಳ್ಳುತ್ತಾರೆ ನೋಡು, ಅದು ಅವರಿಗೆ ದಿನಾ ಕಾಣೋದು. ಹಗ್ಗದ ಯಾವ ತುದಿಗೆ ಯಾರು ನಿಲ್ಲೋದು, ಬಂಗಡೆ ಬಿದ್ದ ದಿನ ಪಾಲು ಹೇಗೆ ಆಗೋದು, ಏನೂ ಬೀಳದ ದಿನ ದಡದಲ್ಲಿ ಏನು ಮಾತು, ಅವರು ಹೇಳಿದ್ದನ್ನು ಪ್ರಿಂಟಿನ ಹಿಂದೆ ಪೆನ್ಸಿಲ್ಲಲ್ಲಿ ಹಾಗೇ ಬರಿ. ಎಲ್ಲರ ಹೆಸರೂ ಬರಿ, ಅಡ್ಡಹೆಸರು ಇದ್ದರೆ ಅದನ್ನೂ ಕೇಳಿ ಬರಿ. ಹಾಕಬೇಡ ಅಂದರೆ ಹಾಕಬೇಡ.

ನಮ್ಮ ಮನೆ ನದಿ ಪಕ್ಕ. ಜುಲೈ ಬಂತೆಂದರೆ ಪುಸ್ತಕಕ್ಕೆಲ್ಲ ಬೂಷ್ಟು. ಫೋಟೋ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಏನು ಮಾಡೋದು?
ಗೃಹಿಣಿ, ಹೊನ್ನಾವರ

ಅಂಟಿದ್ದನ್ನು ಎಳೆಯಬೇಡಿ ಅಕ್ಕ, ಚಿತ್ರವೇ ಕಿತ್ತು ಬರುತ್ತೆ. ನುಣುಪು ಹಾಳೆಗೆ ಮೇಲೆ ಒಂದು ಲೇಪ ಇರುತ್ತೆ, ನೀರಿನ ಪಸೆ ತಾಗಿದರೆ ಅದೇ ಗೋಂದಿನ ಹಾಗೆ ಅಂಟುತ್ತೆ. ಒಣಗಿ ಅಂಟಿಕೊಂಡ ಮೇಲೆ ಹೆಚ್ಚಿನಂಶ ಬಿಡಿಸೋಕೆ ಬರಲ್ಲ. ಉಳಿದ ಪುಸ್ತಕಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ನಿಲ್ಲಿಸಿ ಇಡಿ, ಒತ್ತಿ ತುರುಕಬೇಡಿ. ಪ್ಲಾಸ್ಟಿಕ್ ಕವರ್ ಹಾಕಿ ಬಿಗಿಯಾಗಿ ಕಟ್ಟಿದರೆ ಪಸೆ ಒಳಗೇ ಉಳಿದು ಇನ್ನೂ ಬೇಗ ಬೂಷ್ಟು ಬರುತ್ತೆ. ವಾರಕ್ಕೊಮ್ಮೆ ಫ್ಯಾನ್ ಕೆಳಗೆ ಹಾಳೆ ತಿರುವಿ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಮಾತ್ರ ಇಡಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಹಾಗೆ ಇಟ್ಟು, ಹಿಮಾಲಯದ ಪುಸ್ತಕವೊಂದು ಈಗಲೂ ಒಣಮೀನಿನ ವಾಸನೆ ಹೊಡೆಯುತ್ತೆ.