ಮನೆಯೊಳಗೆ ಮಗುವಿನ ಫೋಟೊ ಯಾವಾಗಲೂ ಮಸುಕಾಗಿ ಬರುತ್ತದೆ. ಕ್ಯಾಮೆರಾದ ಫೋಕಸ್ ಕೆಟ್ಟಿದೆಯಾ?

ಬಹುಶಃ ಕೆಟ್ಟಿಲ್ಲ. ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ಜಾಸ್ತಿ ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಮಗು ಅಲುಗಾಡಿರುತ್ತದೆ.

ಟ್ಯೂಬ್‌ಲೈಟ್ ಬೆಳಕು ನಮ್ಮ ಕಣ್ಣಿಗೆ ಧಾರಾಳ ಅನ್ನಿಸುತ್ತದೆ. ಆದರೆ ಬಿಸಿಲಿನ ಮುಂದೆ ಅದು ನೂರರಲ್ಲಿ ಒಂದು ಪಾಲೂ ಇಲ್ಲ. ಸಾಕಷ್ಟು ಬೆಳಕು ಸಿಗಲಿ ಅಂತ ಆಟೊ ಮೋಡ್ ಶಟರನ್ನು 1/15 ಸೆಕೆಂಡಿನಷ್ಟು ಹೊತ್ತು ತೆರೆದಿಡಬಹುದು. ಚಪ್ಪಾಳೆ ತಟ್ಟುವ ಪುಟ್ಟ ಕೈ ಅಷ್ಟರಲ್ಲಿ ಒಂದೆರಡು ಇಂಚು ಸರಿದಿರುತ್ತದೆ.

ಖಚಿತ ಮಾಡಿಕೊಳ್ಳಲು ಫೋಟೊವನ್ನು ಜೂಮ್ ಮಾಡಿ ನೋಡಿ. ಸೋಫಾದ ನೇಯ್ಗೆ ಸ್ಪಷ್ಟವಾಗಿದ್ದು ಮಗುವಿನ ಕೈ ಮಾತ್ರ ಎಳೆದಂತಿದ್ದರೆ ಮಗು ಅಲುಗಾಡಿದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ಮಗು ಮಸುಕು, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಮಾತ್ರ ಚೂಪಾಗಿದ್ದರೆ ಆಗ ನಿಜಕ್ಕೂ ಫೋಕಸ್ ತಪ್ಪಿದೆ. ಫೋಕಸ್ ಬಿಂದುವನ್ನು ಮಗುವಿನ ಕಣ್ಣಿನ ಮೇಲೆ ಇಟ್ಟರೆ ಸರಿಹೋಗುತ್ತದೆ.

ಮಗು ಅಲುಗಾಡಿದ್ದೇ ಕಾರಣವಾದರೆ ಮೋಡ್ ಡಯಲನ್ನು ಎಸ್‌ಗೆ (S), ಅಂದರೆ ಶಟರ್ ವೇಗವನ್ನು ನಾವೇ ಆರಿಸುವ ಮೋಡಿಗೆ, ತಿರುಗಿಸಿ. ಕ್ಯಾನನ್ ಕ್ಯಾಮೆರಾದಲ್ಲಿ ಅದು ಟಿವಿ (Tv) ಅಂತ ಇರುತ್ತದೆ. ಶಟರ್ ವೇಗ 1/250 ಇಟ್ಟು, ಐಎಸ್ಒ, ಅಂದರೆ ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್, ಆಟೊದಲ್ಲಿರಲಿ. ಚಿತ್ರದಲ್ಲಿ ಸ್ವಲ್ಪ ಮರಳು ಮರಳು ಕಾಣಬಹುದು, ಪರವಾಗಿಲ್ಲ. ಮಸುಕಾದ ನಗುವಿಗಿಂತ ಅದೇ ಎಷ್ಟೋ ಮೇಲು ಅಲ್ವಾ? ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನಷ್ಟೇ ತಡೆಯುತ್ತದೆ, ಮಗುವಿನ ಓಟವನ್ನಲ್ಲ. ಆಗುವುದಾದರೆ ಹಗಲಲ್ಲಿ ಕಿಟಕಿಯ ಪಕ್ಕ ಆಡಲು ಬಿಟ್ಟು ತೆಗೆಯಿರಿ.