ಹೆಂಡತಿಯ ಊರು ಕೆಪಂಜೆನ್‌ನಲ್ಲಿ ಜಾಗ ಕೊಳ್ಳಬಹುದೇ?

ಪತ್ರದ ಸಾರ: ನಾನು ದಾವಣಗೆರೆ ಕಡೆಯವನು, ಸುರಬಾಯಾದ ನೂಲಿನ ಗಿರಣಿಯಲ್ಲಿ ಕೆಲಸ. ಹೆಂಡತಿ ಇಂಡೊನೇಷ್ಯಾದ ಪ್ರಜೆ. ಕೆಲಸ ಬಿಟ್ಟ ಮೇಲೆ ಅವಳ ಊರು, ಪೂರ್ವ ಜಾವಾದ ಕೆಪಂಜೆನ್‌ನಲ್ಲಿ ನೆಲೆಸುವ ಆಸೆ. ಕೈಯಲ್ಲಿ 60 ಲಕ್ಷ ರೂಪಾಯಿ ಇದೆ. ಮಾವನವರ ತಮ್ಮ ಸರ್ಕಾರಿ ಕಚೇರಿಗಳ ಹತ್ತಿರ 700 ಚದರ ಮೀಟರ್ ಜಾಗ ಕೊಡುತ್ತೇನೆ ಎನ್ನುತ್ತಾರೆ. ಅದಕ್ಕಿರುವುದು ಪೆಟೊಕ್ ಡಿ ಎಂಬ ಹಳೆಯ ಕಂದಾಯ ಪತ್ರ ಮಾತ್ರ. ಅಲ್ಲಿ ಹತ್ತು ಕೋಣೆಯ ಕೊಸ್, ಅಂದರೆ ಬಾಡಿಗೆ ಕೋಣೆಗಳ ಮನೆ, ಕಟ್ಟಿ ತಿಂಗಳ ಬಾಡಿಗೆಗೆ ಕೊಡಬಹುದೇ? ಇನ್ನೊಬ್ಬರು ಬೆಂಕೊಕ್ ಎಂಬ ಗ್ರಾಮದ ಗದ್ದೆಯನ್ನು 20 ವರ್ಷಕ್ಕೆ ಗುತ್ತಿಗೆ ಕೊಡುತ್ತಾರಂತೆ. ಟೋಲ್ ರಸ್ತೆ ಬಂದರೆ ಬೆಲೆ ಏರುತ್ತದಂತೆ. ತಾಯಿಯೂ ಜೊತೆಗಿರುತ್ತಾರೆ, ಅವರು ಶುದ್ಧ ಸಸ್ಯಾಹಾರಿ.

ಸಂಪಾದಕರ ಉತ್ತರ:

ಕೆಪಂಜೆನ್‌ನಲ್ಲಿ ಖಂಡಿತ ನೆಲೆಸಿ. ಜಾಗವನ್ನು ಮಾತ್ರ ಈಗಲೇ ಕೊಳ್ಳಬೇಡಿ. ಮೊದಲ ವರ್ಷ ಬಾಡಿಗೆ ಮನೆಯಲ್ಲಿರಿ, ಆ ಅವಧಿಯಲ್ಲಿ ಕಾಗದಪತ್ರ ಸರಿಮಾಡಿಕೊಳ್ಳಿ.

ಮೊದಲ ಕಾಗದ ಭೂಮಿಯದ್ದಲ್ಲ, ನಿಮ್ಮ ಮದುವೆಯದ್ದು. ಇಂಡೊನೇಷ್ಯಾದ 1960ರ ಮೂಲ ಭೂ ಕಾಯ್ದೆಯ ಪ್ರಕಾರ ಹಕ್ ಮಿಲಿಕ್, ಅಂದರೆ ಪೂರ್ಣ ಒಡೆತನ, ವ್ಯಕ್ತಿಗಳ ಪೈಕಿ ಆ ದೇಶದ ಪ್ರಜೆಗಳಿಗೆ ಮಾತ್ರ. ಮದುವೆಯಾದ ಮೇಲೆ ಗಳಿಸಿದ ಆಸ್ತಿ ಗಂಡಹೆಂಡಿರ ಜಂಟಿ ಆಸ್ತಿಯಾಗುವುದರಿಂದ, ಪತ್ರದಲ್ಲಿ ಹೆಂಡತಿಯ ಹೆಸರೊಂದೇ ಇದ್ದರೂ ಅದರಲ್ಲಿ ವಿದೇಶಿಯ ಪಾಲು ಸೇರಿಕೊಳ್ಳುತ್ತದೆ. ಹಾಗಾದಾಗ ಒಂದು ವರ್ಷದೊಳಗೆ ಆ ಹಕ್ಕನ್ನು ಬಿಟ್ಟುಕೊಡಬೇಕು. ಇದಕ್ಕೆ ಪರಿಹಾರ ಆಸ್ತಿ ಬೇರ್ಪಡಿಸುವ ಮದುವೆ ಒಪ್ಪಂದ. ಹಿಂದೆ ಅದನ್ನು ಮದುವೆಗೆ ಮುಂಚೆಯೇ ಮಾಡಿಕೊಳ್ಳಬೇಕಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನ ನಂತರ ಮದುವೆಯಾದವರೂ ಮಾಡಿಕೊಳ್ಳಬಹುದು. ನೋಟರಿಯ ಮುಂದೆ ಬರೆಸಿ, ಇಸ್ಲಾಂ ಪದ್ಧತಿಯ ಮದುವೆಯಾದರೆ ಧಾರ್ಮಿಕ ವ್ಯವಹಾರಗಳ ಕಚೇರಿಯಲ್ಲಿ, ಬೇರೆಯಾದರೆ ನಾಗರಿಕ ನೋಂದಣಿ ಕಚೇರಿಯಲ್ಲಿ ದಾಖಲಿಸಿ. ಭಾರತದಲ್ಲಿ ಮದುವೆಯಾಗಿ ಇಂಡೊನೇಷ್ಯಾದಲ್ಲಿ ಅದನ್ನು ದಾಖಲಿಸಿಲ್ಲವೆಂದರೆ ಆ ಕೆಲಸ ಮೊದಲು ಆಗಬೇಕು. ಒಪ್ಪಂದ ದಾಖಲಾದ ಮೇಲೆ ಜಾಗ ಕೊಳ್ಳಿ. ಹಿಂದುಮುಂದಾದರೆ ಅದೇ ಮುಂದೆ ತಕರಾರಿಗೆ ದಾರಿ.

ಈ ಒಪ್ಪಂದದ ಪರಿಣಾಮವನ್ನೂ ತಿಳಿದಿರಿ. ನಿಮ್ಮ ದುಡಿಮೆಯ ಹಣದಿಂದ ಕೊಂಡರೂ ಜಾಗ ಪೂರ್ತಿ ಹೆಂಡತಿಯದು. ಮದುವೆ ಮುರಿದರೆ ನಿಮಗೆ ಪಾಲಿಲ್ಲ. ಅವರು ನಿಮಗಿಂತ ಮೊದಲು ತೀರಿಕೊಂಡು ಜಾಗ ವಾರಸಾಗಿ ನಿಮಗೆ ಬಂದರೆ ಒಂದು ವರ್ಷದೊಳಗೆ ಅದನ್ನು ವಿಲೇವಾರಿ ಮಾಡಬೇಕು. ಇದನ್ನು ಇಬ್ಬರೂ ಕೂತು ಮಾತಾಡಿ, ಉಯಿಲನ್ನೂ ಅದೇ ಸಮಯದಲ್ಲಿ ಬರೆಸಿಡಿ.

ಬೇರೆ ದಾರಿಗಳು ನಿಮ್ಮ ಮೊತ್ತಕ್ಕೆ ಹೊಂದುವುದಿಲ್ಲ. ವಿದೇಶಿ ಬಂಡವಾಳದ ಕಂಪನಿ ತೆರೆಯಲು ಜಾಗ, ಕಟ್ಟಡ ಬಿಟ್ಟು ಅಲ್ಲಿನ ಹಣ ರುಪಿಯಾದಲ್ಲಿ 1,000 ಕೋಟಿಗೂ ಹೆಚ್ಚಿನ ಹೂಡಿಕೆಯ ಯೋಜನೆ ತೋರಿಸಬೇಕು. ನಿಮ್ಮ 60 ಲಕ್ಷ ರೂಪಾಯಿ ಹತ್ತಿರ ಹತ್ತಿರ 110 ಕೋಟಿ ರುಪಿಯಾ ಅಷ್ಟೆ. ಸ್ಥಳೀಯರೊಬ್ಬರ ಹೆಸರಲ್ಲಿ ಕೊಂಡು ಒಳಗೊಂದು ಕರಾರು ಬರೆದುಕೊಳ್ಳುವ ಬೇನಾಮಿ ದಾರಿಯನ್ನು ಯಾರಾದರೂ ಸೂಚಿಸಿದರೆ ಎದ್ದು ಬನ್ನಿ. 1960ರ ಕಾಯ್ದೆಯ 26ನೇ ವಿಧಿಯಂತೆ ಆ ವ್ಯವಹಾರವೇ ಅನೂರ್ಜಿತ, ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವೂ ವಾಪಸ್ ಬರುವುದಿಲ್ಲ.

ಇನ್ನು ಪೆಟೊಕ್ ಡಿ. ಅದು ಹಳೆಯ ಕಂದಾಯದ ಕಾಗದ. ನಮ್ಮಲ್ಲಿ ಕಂದಾಯ ರಸೀದಿ ಇದ್ದ ಮಾತ್ರಕ್ಕೆ ಕ್ರಯಪತ್ರ ಇದ್ದಂತಾಗುವುದಿಲ್ಲವಲ್ಲ, ಹಾಗೆಯೇ. ಜೊತೆಗೆ 2021ರ ಸರ್ಕಾರಿ ನಿಯಮ 18 ಇಂಥ ಹಳೆಯ ಪತ್ರಗಳ ಜಾಗವನ್ನು ನೋಂದಾಯಿಸಲು ಐದು ವರ್ಷದ ಗಡುವು ಕೊಟ್ಟಿತು, ಅಂದರೆ 2026ರ ಫೆಬ್ರವರಿವರೆಗೆ. ಆಮೇಲೆ ಅವು ಹಕ್ಕಿನ ಪುರಾವೆಯಲ್ಲ, ನೋಂದಣಿಗೆ ಸುಳಿವು ಕೊಡುವ ಕಾಗದ ಮಾತ್ರ. ಆದ್ದರಿಂದ ಮಾವನವರ ತಮ್ಮನಿಗೆ ಹೇಳಿ: ಮೊದಲು ಜಾಗದ ಒಡೆತನದ ಸರ್ಟಿಫಿಕೇಟು ನಿಮ್ಮ ಹೆಸರಿಗೆ ಮಾಡಿಸಿ, ಆಮೇಲೆ ನಾವು ಕೊಳ್ಳುತ್ತೇವೆ. ನೆಂಟಸ್ತನದಲ್ಲಿ ಈ ಮಾತು ಕಷ್ಟವೇ. ನಿಮ್ಮ ಹೆಂಡತಿ ಒಬ್ಬರೇ ಹೇಳುವ ಬದಲು ಊರ ಹಿರಿಯರೊಬ್ಬರ ಮುಂದೆ ಮಾತಾಗುವುದು ಒಳ್ಳೆಯದು.

ಅದಕ್ಕೂ ಮೊದಲು ಹೆಂಡತಿಯೊಡನೆ ಗ್ರಾಮ ಕಚೇರಿಗೆ ಹೋಗಿ ಗ್ರಾಮದ ಭೂ ದಾಖಲೆಯಾದ ಲೆಟರ್ ಸಿ ಪುಸ್ತಕ ತೆಗೆಸಿ ನೋಡಿ. ಪೆಟೊಕ್‌ನಲ್ಲಿರುವ ನಂಬರು, ವಿಸ್ತೀರ್ಣ, ವರ್ಗ ಮೂರೂ ತಾಳೆಯಾಗಬೇಕು. ವರ್ಗದ ಕಡೆ ‘ಎಸ್’ ಎಂದಿದ್ದರೆ ಅದು ಗದ್ದೆ, ‘ಡಿ’ ಎಂದಿದ್ದರೆ ಒಣಜಾಗ. ಗದ್ದೆಯಾಗಿದ್ದು ಸಂರಕ್ಷಿತ ಭತ್ತದ ಭೂಮಿಯ ನಕ್ಷೆಯೊಳಗಿದ್ದರೆ ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದು ತೀರಾ ಕಷ್ಟ. ಕಚೇರಿ ಎಷ್ಟೇ ಹತ್ತಿರವಿರಲಿ, ಪಕ್ಕದಲ್ಲಿ ಎಷ್ಟೇ ಮನೆ ಎದ್ದಿರಲಿ. ಆಮೇಲೆ ಅಜ್ಜನ ಹೆಸರಲ್ಲೇ ನಿಂತಿರುವ ಜಾಗವೇ ನೋಡಿ. ಹಾಗಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಕಾಲಿಮಂತಾನ್‌ಗೋ ಮಲೇಷ್ಯಾಕ್ಕೋ ಕೆಲಸಕ್ಕೆ ಹೋದ ಒಬ್ಬ ತಮ್ಮನ ಸಹಿ ಬಿಟ್ಟುಹೋದರೂ ಹತ್ತು ವರ್ಷದ ನಂತರ ತಗಾದೆ ಬರುತ್ತದೆ.

ಸರ್ಟಿಫಿಕೇಟು ಬಂದ ಮೇಲೆ ಭೂ ಕಚೇರಿಯಲ್ಲಿ ಅದರ ಪರಿಶೀಲನೆ, ನಂತರ ಆ ಪ್ರದೇಶಕ್ಕೆ ನೇಮಕವಾದ ಭೂ ಪತ್ರಾಧಿಕಾರಿ, ಅಲ್ಲಿಯವರು ಪಿಪಿಎಟಿ ಎನ್ನುವವರ ಮುಂದೆ ಕ್ರಯಪತ್ರ. ಮಾರುವವರ ತೆರಿಗೆ ಬೆಲೆಯ 2.5%, ಕೊಳ್ಳುವವರದು ವಿನಾಯಿತಿ ಕಳೆದು 5%. ಜಾಗಕ್ಕೆ 60 ಕೋಟಿ ರುಪಿಯಾ ಆದರೆ, ಕಾಯ್ದೆ ಹೇಳುವ ಕನಿಷ್ಠ ವಿನಾಯಿತಿ 8 ಕೋಟಿ ಕಳೆದು 52 ಕೋಟಿಗೆ ನಿಮ್ಮ ಕಡೆಯಿಂದ 2 ಕೋಟಿ 60 ಲಕ್ಷ, ಅವರ ಕಡೆಯಿಂದ 1 ಕೋಟಿ 50 ಲಕ್ಷ. ಪಿಪಿಎಟಿಯ ಶುಲ್ಕ 1% ಮೀರುವಂತಿಲ್ಲ. ಬೆಲೆ ಕಮ್ಮಿ ತೋರಿಸೋಣ ಎಂಬ ಮಾತಿಗೆ ಒಪ್ಪಬೇಡಿ.

ಬೆಂಕೊಕ್ ಗದ್ದೆಯ ಮಾತು ಅಲ್ಲಿಗೇ ಬಿಡಿ. ಅದು ಗ್ರಾಮದ ಆಸ್ತಿ, ಗ್ರಾಮಾಧಿಕಾರಿಗಳ ದುಡಿಮೆಗೆ ಪ್ರತಿಯಾಗಿ ಅವರು ಅಧಿಕಾರದಲ್ಲಿರುವಷ್ಟು ಕಾಲ ಉಳಲು ಕೊಟ್ಟದ್ದು. ಗ್ರಾಮದ ಆಸ್ತಿಯನ್ನು ಬಾಡಿಗೆಗೆ ಕೊಡುವ ಅವಧಿ ಒಂದು ಸಲಕ್ಕೆ ಕೆಲವೇ ವರ್ಷ. ಇಪ್ಪತ್ತು ವರ್ಷದ ಕರಾರಿಗೆ ಸಹಿ ಹಾಕಿದವರು ಹುದ್ದೆಯಿಂದ ಇಳಿದ ದಿನ ನಿಮ್ಮ ಬೆಳೆ ಇನ್ನೊಬ್ಬರ ಗದ್ದೆಯಲ್ಲಿರುತ್ತದೆ.

ಈಗ ಊರಿನ ವಿಷಯ. ಮಲಂಗ್ ಜಿಲ್ಲೆಯ ಆಡಳಿತ ಕೇಂದ್ರ ಮಲಂಗ್ ನಗರದಿಂದ ಕೆಪಂಜೆನ್‌ಗೆ ಬಂದದ್ದು 2008ರಲ್ಲಿ. ಮಧ್ಯ ಜಾವಾದ ಸ್ಲಾವಿ, ಕಾಜೆನ್, ಮುಂಕಿಡ್ ಹೀಗೆಯೇ ಜಿಲ್ಲಾ ಕೇಂದ್ರಗಳಾದ ಊರುಗಳು. ಕಚೇರಿ ಬಂದ ಮೇಲೆ ಊರು ಬೆಳೆಯುತ್ತದೆ ಎಂದು ಸುತ್ತ ಜಾಗ ಹಿಡಿದವರು ಒಂದು ಲೆಕ್ಕ ಮರೆಯುತ್ತಾರೆ: ಕಚೇರಿ ಬಂದರೂ ನೌಕರರ ಮನೆ ಬರುವುದಿಲ್ಲ. ಮಲಂಗ್ ನಗರ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಮಕ್ಕಳ ಶಾಲೆ, ಕಾಲೇಜು ಅಲ್ಲಿವೆ. ಬೆಳಿಗ್ಗೆ ಬೈಕಿನಲ್ಲಿ ಬಂದು ಸಂಜೆ ಹೋಗುವವರು ಬಹಳ. ಹಾಗಾಗಿ ಹಗಲಿನ ಜನ ನೋಡಿ ರಾತ್ರಿಯ ಕೋಣೆ ಕಟ್ಟಬೇಡಿ.

ಕೋಣೆ ಹಿಡಿಯುವವರು ಕಂಜುರುಹಾನ್ ಸರ್ಕಾರಿ ಆಸ್ಪತ್ರೆಯ ದಾದಿಯರು, ತರಬೇತಿಗೆ ಬಂದ ವಿದ್ಯಾರ್ಥಿಗಳು, ಗುತ್ತಿಗೆ ನೌಕರರು, ದೂರದ ಊರಿಂದ ಬಂದ ಬ್ಯಾಂಕ್ ಸಿಬ್ಬಂದಿ. ಅಂದರೆ ಕೊಸ್ ಆಸ್ಪತ್ರೆಗೆ ನಡೆದುಹೋಗುವ ದೂರದಲ್ಲಿದ್ದರೆ ಬಾಳುತ್ತದೆ. ವಾರದ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ಈಗಿರುವ ಕೊಸ್‌ಗಳ ಮುಂದೆ ಹಾದು ನಿಂತ ಬೈಕುಗಳನ್ನು ಎಣಿಸಿ, ಕೋಣೆಗಳ ಸಂಖ್ಯೆಗೆ ಹೋಲಿಸಿ. ಕೋಣೆ ಖಾಲಿ ಇದೆ ಎಂಬ ಫಲಕ ತಿಂಗಳಾದರೂ ಇಳಿಯದಿದ್ದರೆ ಅದೇ ಉತ್ತರ. ಹತ್ತು ಕೋಣೆ ಒಟ್ಟಿಗೆ ಬೇಡ. ನಾಲ್ಕು ಕಟ್ಟಿ, ಅಡಿಪಾಯದಲ್ಲಿ ಮುಂದಿನದಕ್ಕೆ ಕಬ್ಬಿಣ ಬಿಟ್ಟಿರಿ.

ಊರಿನ ವ್ಯಾಪಾರ ಸಂಬಳದ ಮೇಲೆ ನಿಂತಿದೆ. ಲೆಬರಾನ್, ಅಂದರೆ ಈದ್ ಹಬ್ಬದ ಮುಂಚಿನ ಭತ್ಯೆ, ವರ್ಷದ ನಡುವಿನ ಹದಿಮೂರನೇ ಸಂಬಳ ಬಂದಾಗ ಅಂಗಡಿ ತುಂಬುತ್ತದೆ. ಸಭೆಗಳಿಗೆ ಊಟದ ಡಬ್ಬಿ, ಸಮವಸ್ತ್ರದ ಹೊಲಿಗೆ, ಜೆರಾಕ್ಸ್ ಇವು ಒಳ್ಳೆಯ ಕಸುಬುಗಳೇ, ಆದರೆ ಕಚೇರಿಗೆ ಉದ್ರಿ ಕೊಡುವ ಮುನ್ನ ಯೋಚಿಸಿ: ಬಜೆಟ್ ವರ್ಷದ ಆರಂಭದಲ್ಲಿ ಬಿಲ್ಲು ನಿಧಾನ, ಕೊನೆಯ ಎರಡು ತಿಂಗಳಲ್ಲಿ ರಾಶಿ. 2025ರ ಜನವರಿ 22ರ ಅಧ್ಯಕ್ಷರ ಆದೇಶ ಜಿಲ್ಲೆಗಳ ಅಧಿಕೃತ ಪ್ರಯಾಣದ ಖರ್ಚನ್ನು ಅರ್ಧಕ್ಕೆ ಇಳಿಸಲು ಹೇಳಿತು. ಇಂಥ ಒಂದು ಸಹಿ ಆಡಳಿತದ ಊರಿನ ಹೋಟೆಲು, ಅಡುಗೆ ಗುತ್ತಿಗೆಗಳಿಗೆ ನೇರವಾಗಿ ತಟ್ಟುತ್ತದೆ. ಕಚೇರಿಯ ಗಿರಾಕಿ ಅರ್ಧಕ್ಕಿಂತ ಹೆಚ್ಚಿರದ ವ್ಯಾಪಾರ ಮಾಡಿ.

ಟೋಲ್ ರಸ್ತೆಯ ಮಾತು ವರ್ಷಗಳಿಂದ ಇದೆ. ಬಾರದ ರಸ್ತೆಗೆ ಇವತ್ತೇ ಬೆಲೆ ಕೊಡಬೇಡಿ. ಉಳಿದ ಹಣ ಹೆಂಡತಿಯ ಹೆಸರಲ್ಲಿ ಸರ್ಕಾರದ ಚಿಲ್ಲರೆ ಸಾಲಪತ್ರಗಳಲ್ಲಿರಲಿ: ಪ್ರಜೆಗಳಿಗೆ ಮಾತ್ರ, 10 ಲಕ್ಷ ರುಪಿಯಾದಿಂದ ಶುರು, ಬಡ್ಡಿಯ ಮೇಲೆ 10% ತೆರಿಗೆ. ಬ್ಯಾಂಕ್ ಠೇವಣಿಯ ಬಡ್ಡಿಗೆ 20%. ರುಪಿಯಾ ಡಾಲರಿನೆದುರು ದೀರ್ಘಕಾಲದಲ್ಲಿ ಕುಸಿಯುತ್ತಲೇ ಬಂದಿದೆ, ಆದ್ದರಿಂದ ತಾಯಿಯವರ ಚಿಕಿತ್ಸೆಗೆ ಬೇಕಾದ ಮೊತ್ತ ಭಾರತದಲ್ಲೇ ಉಳಿಯಲಿ.

ಕಟ್ಟುವಾಗ ಒಂದು ವಿಷಯದಲ್ಲಿ ಬಿಗಿಯಾಗಿರಿ. 2021ರ ಏಪ್ರಿಲ್ 10ರಂದು ಮಲಂಗ್ ಜಿಲ್ಲೆಯ ದಕ್ಷಿಣದ ಸಮುದ್ರದಲ್ಲಿ 6.1 ತೀವ್ರತೆಯ ಭೂಕಂಪವಾಗಿ ಜಿಲ್ಲೆಯ ಸಾವಿರಾರು ಮನೆಗಳಿಗೆ ಹಾನಿಯಾಯಿತು. ಇಟ್ಟಿಗೆ ಗೋಡೆಯನ್ನು ಕಾಂಕ್ರೀಟ್ ಚೌಕಟ್ಟು ಹಿಡಿದುಕೊಳ್ಳದಿದ್ದರೆ ಗೋಡೆ ಹೊರಕ್ಕೆ ಬೀಳುತ್ತದೆ, ಚಾವಣಿಯ ತ್ರಿಕೋನ ಗೋಡೆ ಎಲ್ಲಕ್ಕೂ ಮೊದಲು. ಕೆಳಗೆ ಅಡಿತೊಲೆ, ಮೂಲೆಗಳಲ್ಲಿ 15×15 ಸೆಂ.ಮೀ. ಕಂಬ, ಮೇಲೆ ಸುತ್ತುತೊಲೆ. ಕಂಬಕ್ಕೆ ನಾಲ್ಕು 10 ಮಿ.ಮೀ. ಕಂಬಿ, 15 ಸೆಂ.ಮೀ.ಗೊಂದು 8 ಮಿ.ಮೀ. ರಿಂಗು. ಆರು ವರಸೆ ಇಟ್ಟಿಗೆಗೊಮ್ಮೆ ಕಂಬದಿಂದ ಗೋಡೆಯೊಳಕ್ಕೆ 40 ಸೆಂ.ಮೀ. ಕಂಬಿ ಚಾಚಿರಬೇಕು. ಮೇಸ್ತ್ರಿ ಉಳಿಸಲು ನೋಡುವುದು ಇದನ್ನೇ, ಗಿಲಾವು ಬಳಿದ ಮೇಲೆ ಕಾಣುವುದೂ ಇಲ್ಲ. ಕಾಂಕ್ರೀಟು ಸುರಿಯುವ ಮುಂಚೆ ಟೇಪು ಹಿಡಿದು ಅಳೆಯಿರಿ.

ಕೆಲಸ ಬಿಟ್ಟಾಗ ಕಂಪನಿಯ ವೀಸಾ ಮುಗಿಯುತ್ತದೆ. ಹೆಂಡತಿಯ ಪ್ರಾಯೋಜಕತ್ವದ ವಾಸಪರವಾನಗಿಗೆ ಅದಕ್ಕೂ ಮೊದಲೇ ಅರ್ಜಿ ಕೊಡಿ. ಊರಿಗೆ ಬಂದ ವಾರವೇ ಬೀದಿಯ ಮುಖ್ಯಸ್ಥರಾದ ಆರ್‌ಟಿಯವರನ್ನು ಕಂಡು ಹೆಸರು ಬರೆಸಿ, ತಿಂಗಳ ವಂತಿಗೆ ತಪ್ಪಿಸಬೇಡಿ, ಬೀದಿ ಶುಚಿ ಮಾಡುವ ಭಾನುವಾರ ನೀವೂ ಗುದ್ದಲಿ ಹಿಡಿಯಿರಿ.

ತಾಯಿಯವರ ಊಟಕ್ಕೆ ತಾಪತ್ರಯವಿಲ್ಲ: ಸೋಯಾದ ತೆಂಪೆ, ತೋಫು, ಸೊಪ್ಪು, ತೆಂಗು ಯಥೇಚ್ಛ. ಹೊರಗಿನ ಊಟದಲ್ಲಿ ಮಾತ್ರ ಜಾಗ್ರತೆ ಬೇಕು. ಸಾಂಬಲ್ ಎಂಬ ಮೆಣಸಿನ ಚಟ್ನಿಯಲ್ಲಿ ಸಾಮಾನ್ಯವಾಗಿ ತೆರಾಸಿ ಎಂಬ ಸಿಗಡಿಯ ಪೇಸ್ಟು ಇರುತ್ತದೆ, ಲೋಡೆ ಪಲ್ಯದ ಸಾರಿನಲ್ಲಿ ಎಬಿ ಎಂಬ ಒಣಸಿಗಡಿ, ರುಜಾಕ್ ಎಂಬ ಹಣ್ಣು-ತರಕಾರಿಯ ತಿನಿಸಿನಲ್ಲಿ ಪೆಟಿಸ್ ಎಂಬ ಸಿಗಡಿಯ ಕಪ್ಪು ಪೇಸ್ಟು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಇವು ಉಳಿದುಬಿಡುತ್ತವೆ. ತೆರಾಸಿ, ಎಬಿ, ಪೆಟಿಸ್ ಮೂರನ್ನೂ ಹೆಸರಿಟ್ಟು ಬೇಡವೆನ್ನಬೇಕು.