ಅಮೆರಿಕದ ಕಟ್ಟಾ ಕ್ರೈಸ್ತ ಮನೆಗಳಲ್ಲಿ ಬೆಳೆದ ಕೆಲವರು, ನಂಬಿಕೆ ಬಿಟ್ಟ ಮೇಲೂ ಖಾಲಿ ಮನೆ ಕಂಡರೆ ಯಾಕೆ ಹೆದರುತ್ತಾರೆ?

ಕಾರಣ ‘ರ‍್ಯಾಪ್ಚರ್’ ಎಂಬ ಬೋಧನೆ. ಯೇಸು ಯಾವ ಕ್ಷಣದಲ್ಲಾದರೂ ಬಂದು ನಿಜವಾದ ಭಕ್ತರನ್ನು ಮಾತ್ರ ಆಕಾಶಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಭೂಮಿಯ ಮೇಲೆ ಏಳು ವರ್ಷ ಘೋರ ಸಂಕಟ ಅನುಭವಿಸಬೇಕು ಎಂದು ಈ ಮಕ್ಕಳಿಗೆ ಹೇಳಿಕೊಡುತ್ತಾರೆ. ಹಾಗಾಗಿ ಶಾಲೆಯಿಂದ ಬಂದಾಗ ಅಮ್ಮ ಕಾಣದಿದ್ದರೆ, ಅಂಗಡಿಗೆ ಹೋಗಿರಬೇಕು ಅಂತ ಹೊಳೆಯುವುದಿಲ್ಲ. ನನ್ನನ್ನು ಬಿಟ್ಟು ಹೋದರು ಅನ್ನಿಸುತ್ತದೆ.

ಭಯ ಇಷ್ಟು ಆಳಕ್ಕೆ ಇಳಿಯುವುದು ಯಾಕೆಂದರೆ, ತಾನು ನಿಜವಾದ ಭಕ್ತ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಮಗುವಿಗೆ ದಾರಿಯೇ ಇಲ್ಲ. ಯೇಸುವನ್ನು ಹೃದಯಕ್ಕೆ ಕರೆದು ಪ್ರಾರ್ಥಿಸಿದರೆ ಸಾಕು ಅನ್ನುತ್ತಾರೆ. ಆದರೆ ಅದನ್ನು ಮನಸಾರೆ ಮಾಡಿರಬೇಕು. ನಾನು ಮನಸಾರೆ ಮಾಡಿದೆನಾ? ಅನುಮಾನ ಬಂತೆಂದರೆ ಮತ್ತೆ ಪ್ರಾರ್ಥನೆ, ಮತ್ತೆ ಅನುಮಾನ. ಎಷ್ಟೋ ಮಕ್ಕಳು ಹಾಸಿಗೆಯಲ್ಲಿ ಮಲಗಿ ರಾತ್ರಿಯೆಲ್ಲ ಇದನ್ನೇ ಮಾಡಿದ್ದಾರೆ. ದೊಡ್ಡವರಾದ ಮೇಲೆ ಬುದ್ಧಿ ಅದನ್ನು ಒಪ್ಪದೆ ಇರಬಹುದು. ಆದರೆ ಮೈಗೆ ರೂಢಿಯಾದ ಹೆದರಿಕೆ ವಾದಕ್ಕೆ ಬಗ್ಗುವುದಿಲ್ಲ.

ಈ ಬೋಧನೆ ತೀರಾ ಹಳೆಯದೇನೂ ಅಲ್ಲ. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಆಂಗ್ಲೋ-ಐರಿಷ್ ಧರ್ಮಬೋಧಕ ಇದನ್ನು ಬೋಧಿಸತೊಡಗಿದರು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಎಂಬ ಆವೃತ್ತಿಯ ಟಿಪ್ಪಣಿಗಳು ಇದನ್ನು ಅಮೆರಿಕದಲ್ಲಿ ಹರಡಿದವು. ಕ್ಯಾಥೊಲಿಕ್, ಆರ್ಥೊಡಾಕ್ಸ್ ಚರ್ಚುಗಳು ಹೀಗೆ ಕಲಿಸುವುದಿಲ್ಲ.

ಹಾಗೆ ಬೆಳೆದವರು ಒಬ್ಬರಿಗೊಬ್ಬರು ಸಿಕ್ಕಾಗ ಈ ಮಾತು ಬಂದೇ ಬರುತ್ತದೆ. ತನಗೊಬ್ಬನಿಗೇ ಹೀಗಾಯಿತು ಅಂದುಕೊಂಡವನಿಗೆ ಅದು ದೊಡ್ಡ ಸಮಾಧಾನ. ದಯವಿಟ್ಟು ಇದನ್ನು ಸುಮ್ನೆ ಬಾಲಿಶ ಅಂತ ತಳ್ಳಿಹಾಕಬೇಡಿ. ತಾನು ಜಾಸ್ತಿ ನಂಬಿದವರೇ ಹೇಳಿದ್ದನ್ನು ಮಗು ನಂಬಿತು, ಅಷ್ಟೇ ಅಲ್ವಾ?